ಮೀಸೆಯ ಕೆಳಗಿನ ಗಂಟು

ದಾವಣಗೆರೆ ಹೆಡ್ ಪೋಸ್ಟಾಫೀಸಿನ ಎದುರು
ನನ್ನದು ಲ್ಯಾಮಿನೇಷನ್ ಅಂಗಡಿ.
ಊರಿನ ಆಧಾರು, ಅಂಕಪಟ್ಟಿ, ಸತ್ತವರ ಫೋಟೊ
ಎಲ್ಲಕ್ಕೂ ಬಿಸಿ ಉರುಳೆಯಲ್ಲಿ ಪ್ಲಾಸ್ಟಿಕ್ಕು ಹೊದಿಸುತ್ತೇನೆ.
ನನ್ನ ಹಾಳೆಗಳಿಗೆ ಮಾತ್ರ ಇಲ್ಲ.

ನೆನಪಿನ ಹಾಳೆ ಎನ್ನುತ್ತೇವೆ ನಾವು, ಈ ಹುಚ್ಚಿನವರು
(ಊರಲ್ಲಿ ಈಗ ಮೂವರೇ; ಗುಡ್ಡಪ್ಪ ಮಾಸ್ತರಿಗೆ ಕಣ್ಣು ಪೊರೆ):
ನಡುವೆ ಒಂದೋ ಎರಡೋ ಅಂಚೆಚೀಟಿ,
ಸುತ್ತ ಅಂಗಳದಷ್ಟು ಅಂಚು,
ಅಂಚಿಗೆ ಯಾವುದೋ ಶತಮಾನೋತ್ಸವದ ತೋರಣ.
ಹರಿಯಲಿಕ್ಕೆಂದೇ ತೂತು ಹೊಡೆದಿರುತ್ತಾರೆ.
ಹರಿದವನು ಕೆಟ್ಟ.

ಬಿಡುಗಡೆಯ ದಿನ ಕೌಂಟರು ತೆರೆಯುವ ಮೊದಲೇ ನಿಂತು
ಎರಡೆರಡು ಕೊಂಡಿದ್ದೇನೆ.
ರೈಲಿನವು, ಚಿಟ್ಟೆಯವು,
ಗುಲಾಬಿ ಪರಿಮಳದ್ದೊಂದು.
ಅದರ ಗುಲಾಬಿ ಎಂದೋ
ಆಲ್ಬಮ್ಮಿನ ವಾಸನೆಗೆ ಸೋತಿದೆ.
ಚಿಮಟದಲ್ಲೇ ಎತ್ತುವುದು, ಚಿಮಟದಲ್ಲೇ ಇಳಿಸುವುದು.
ಮಳೆಗಾಲಕ್ಕೆ ಹಿಂದಿನ ಗೋಂದು ಬೆವರದ ಹಾಗೆ
ಅಕ್ಕಿ ಗಂಟು ಕಟ್ಟಿ ಪಕ್ಕದಲ್ಲಿಡುವುದು.
ಒಂದು ವರ್ಷ ಆ ಅಕ್ಕಿಯನ್ನೇ ಹೆಂಡತಿ ಅನ್ನ ಮಾಡಿ ಬಡಿಸಿದಳು,
ಏನೂ ಹೇಳಲಿಲ್ಲ.

ಅವತ್ತು ಹರವಿಕೊಂಡದ್ದು ಕಾಗದದ್ದಲ್ಲ, ಖಾದಿಯದು.
ನೇಯ್ದ ಬಟ್ಟೆಯ ಮೇಲೆ ಅಜ್ಜನ ಮುಖ.

ಹಾಲಮ್ಮ ಬಂದಳು. ಹಳೇ ಕಾಟನ್ ಮಿಲ್ಲಿನ ವೈಂಡಿಂಗ್ ಖಾತೆ,
ಇಪ್ಪತ್ತೆರಡು ವರ್ಷ; ಮಿಲ್ಲಿನ ಕೂಗು ನಿಂತು
ಅದಕ್ಕೂ ಹೆಚ್ಚಾಯಿತು.
ಒಂದು ಕೈಯಲ್ಲಿ ಗೇಟ್ ಪಾಸು,
ಮಡಿಕೆಗೆ ಮಡಿಕೆ ಹರಿದು ನಾಲ್ಕು ತುಂಡು.
ಇನ್ನೊಂದರಲ್ಲಿ ಮಿರ್ಚಿ ಮಂಡಕ್ಕಿ.

ನಾನು ಉರುಳೆ ಕಾಯಿಸಲು ತಿರುಗಿದ್ದಷ್ಟೇ.
'ಏನಪಾ ಇದು, ಕರವಸ್ತ್ರ?'
ಹೆಬ್ಬೆಟ್ಟು ಇಟ್ಟೇಬಿಟ್ಟಿದ್ದಳು.

ಕೂಗಲು ಬಾಯಿ ತೆರೆದದ್ದು ನಿಜ.
ಅಷ್ಟರಲ್ಲಿ ಅವಳು ಕಣ್ಣು ಮುಚ್ಚಿದ್ದಳು,
ಬೆರಳು ಎಡದಿಂದ ಬಲಕ್ಕೆ ಹೊರಟಿತ್ತು, ಸಾವಕಾಶ.
'ಕೈನೂಲು. ದಪ್ಪ, ತೆಳು, ದಪ್ಪ, ತೆಳು ಐತಿ.
ನಮ್ಮ ಮಿಲ್ನಾಗ ಇಂಥದ್ದು ಸುತ್ತಿದ್ರ
ಜಾಬರ್ ಕೋನು ತಂದು ಮಾರಿಗೆ ಒಗೀತಿದ್ದ.'
ನಕ್ಕಳು. ಬೆರಳು ನಿಂತಿತು.
'ಇಲ್ಲೊಂದು ಗಂಟೈತಿ, ಮೀಸಿ ಕೆಳಗ.
ಎಳಿ ಹರದೈತಿ, ಅವಸರದಾಗ ಕಟ್ಯಾಳ.
ಕೂಸು ಅಳ್ತಿತ್ತೇನೋ, ಪಾಪ.'

ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ
ಎಷ್ಟು ರಾತ್ರಿ ನೋಡಿದ್ದೆ ಆ ಮುಖ!
ಶಾಯಿ ಜರುಗಿದೆಯೇ, ತೂತು ಓರೆಯೇ,
ಅಚ್ಚು ತಪ್ಪಿದ್ದರೆ ಬೆಲೆ ಏರೀತೇ.
ಚಿಮಟಕ್ಕೆ ಗಂಟು ಗೊತ್ತಾಗುವುದಿಲ್ಲ.

'ಇದನ್ನ ಹಚ್ಚಿದ್ರ ಕಾಗದ ಹೋಗ್ತತೇನು?'
'ಹೋಗ್ತತಿ.'
'ಯಾವ ಊರಿಗೆ ಬೇಕಾದ್ರೂ?'
'ಹೂಂ.'
'ಮತ್ಯಾಕ ಇಲ್ಲೇ ಕುಂತೈತಿ?'

ಉರುಳೆಯ ದೀಪ ಹಸಿರಾಯಿತು.
ಪಾಸಿನ ನಾಲ್ಕು ತುಂಡು ಜೋಡಿಸಿ ಒಳಗೆ ಬಿಟ್ಟೆ,
ಚಿಮಟದಿಂದಲೇ; ರೂಢಿ.
ಆಚೆ ಬಂದಾಗ ಹದಿನೆಂಟರ ಹಾಲಮ್ಮ ಬೆಚ್ಚಗಿದ್ದಳು,
ಎರಡು ಜಡೆ, ಟೋಕನ್ ನಂಬರು.
ಈಗಿನವಳು ಆಕೆಗೆ ಸೆರಗಿನಿಂದ ಗಾಳಿ ಬೀಸಿ ಆರಿಸಿ
ಚೀಲದಲ್ಲಿಟ್ಟುಕೊಂಡು ಹೋದಳು.
ಇಪ್ಪತ್ತು ರೂಪಾಯಿ ಕೇಳಲು ಮರೆತೆ.

ಎಣ್ಣೆ ಹೋಗಲಿಲ್ಲ. ಪೌಡರು ಉದುರಿಸಿದೆ,
ಒತ್ತುಕಾಗದ ಇಟ್ಟು ರಾತ್ರಿಯಿಡೀ ಭಾರ ಹೇರಿದೆ.
ಮೀಸೆಯ ಕೆಳಗೆ ಮಿರ್ಚಿ ಬಣ್ಣದ ಹೆಬ್ಬೆಟ್ಟು,
ಗೆರೆ ಗೆರೆ ಎಣಿಸಬಹುದು.

ಭಾನುವಾರ ಗುಡ್ಡಪ್ಪ ಮಾಸ್ತರ ಮುಂದೆ ಹಿಡಿದೆ.
ಕಾಣದಿದ್ದರೇನು, ಮೂಗಿದೆಯಲ್ಲ.
'ಥೂ, ಮಿರ್ಚಿ ವಾಸನೆ! ಕೆಡಿಸಿಕೊಂಡೆಯಲ್ಲೋ.
ಇನ್ನು ಮೂರು ಕಾಸಿಗೂ ಯಾರೂ ಮುಟ್ಟೋದಿಲ್ಲ.'

'ಕೈ ಕೊಡಿ ಮಾಸ್ತರೆ' ಎಂದೆ.
ಅವರು ಮೊದಲು ಬೆರಳನ್ನು
ಪಂಚೆಗೆ ಒರೆಸಿಕೊಂಡರು.