ಒಂದೇ ಮೈಕಿನ ಮುಂದೆ

ಶ್ರೀನಿವಾಸಪುರದ ಮಾವಿನ ಮಂಡಿ ಕಾರ್ತಿಕದಲ್ಲಿ ಖಾಲಿ.
ಮುರಿದ ಕ್ರೇಟು, ಹಣ್ಣು ಮಾಗಿಸಿದ ಹುಲ್ಲು,
ಸದ್ದು ಪುಟಿಯದ ಹಾಗೆ ಗೋಡೆಗೆಲ್ಲ ಗೋಣಿತಟ್ಟು.
ನಡುವೆ ಒಂದು ಮೈಕು.
‘ಇನ್ನೊಂದು ತರಲಾ?’ ಅಂದ ರೆಕಾರ್ಡಿಂಗ್ ಹುಡುಗ.
‘ಬೇಡ,’ ಅಂದ ಅಲೋಶಿಯಸ್, ‘ಬ್ಲೂಗ್ರಾಸಿಗೆ ಒಂದೇ.
ಹಾಡುವವರು ಮುಂದೆ, ಮುಗಿಸಿದವರು ಹಿಂದೆ.
ಕಾಲೇ ವಾಲ್ಯೂಮು.’

ನನಗೆ ಇದನ್ನು ಹೇಳಿಕೊಡಬೇಕಾ?
ಹದಿನೇಳು ವರ್ಷ ಮುಳಬಾಗಿಲು ಡಿಪೋದ ಕಂಡಕ್ಟರು ನಾನು.
ಮುಂದೆ ಬನ್ನಿ, ಒಳಗೆ ಹೋಗಿ, ಹಿಂದೆ ಖಾಲಿ ಇದೆ ನೋಡಿ ಸಾರ್—
ಒಂದು ಬಸ್ಸಿಗೆ ತೊಂಬತ್ತು ಜನ ಹೊಂದಿಸಿದವಳು
ಇಬ್ಬರನ್ನು ಹೊಂದಿಸಲಾರೆನೇ?

ಮೊದಲ ಟೇಕಿಗೇ
ಅವನ ಬ್ಯಾಂಜೋ ಕತ್ತು ನನ್ನ ಹಣೆಗೆ ಬಡಿಯಿತು.

ಬ್ಯಾಂಜೋ ಅಂದರೆ ನಾನು ಕಂಡಿದ್ದು
ಭಜನೆಮನೆಯ ಗುಂಡಿ ಒತ್ತುವ ಪೆಟ್ಟಿಗೆ.
ಇದು ಬೇರೆ. ಇದು ಕತ್ತು ಬೆಳೆದ ತಮಟೆ.
ಚರ್ಮ ಬಿಗಿದವನು ಬೇತಮಂಗಲದ ತಮಟೆ ಮುನಿಶಾಮಪ್ಪ,
ರಿಮ್ಮು ರಾಬರ್ಟ್‌ಸನ್‌ಪೇಟೆಯಲ್ಲಿ ಇವನದೇ ಟೈರ್ ಅಂಗಡಿಯದು,
ಐದನೇ ತಂತಿ ಸೈಕಲ್ ಬ್ರೇಕಿನದು.
ಮಂಜಿಗೆ ಮೆತ್ತಗಾದರೆ ಹೊರಗೆ ಹುಲ್ಲಿಗೆ ಬೆಂಕಿ ಇಟ್ಟು
ಕಾಯಿಸುತ್ತಿದ್ದೆವು, ಬೆರಳಲ್ಲಿ ಬಡಿದು ಕೇಳುತ್ತಾ—
ಬೊದ್ ಅಂತಾ? ಇನ್ನೂ ಇರಲಿ.
ಠಣ್ ಅಂತಾ? ಓಡು ಒಳಗೆ.
ಆರುವಷ್ಟರಲ್ಲಿ ಒಂದು ಹಾಡು. ಮತ್ತೆ ಬೆಂಕಿ.

ಅವನು ಬರೆಯುವುದು ನೆಲದ ಕೆಳಗಿನದು.
ಅವರ ತಾತ ಚಾಂಪಿಯನ್ ರೀಫಿನಲ್ಲಿ ಕೇಜು ಇಳಿಸುತ್ತಿದ್ದರಂತೆ,
ಎಷ್ಟು ಜನ ಇಳಿದರು ಎಷ್ಟು ಜನ ಹತ್ತಿದರು
ಬೆರಳ ಗೆಣ್ಣಿನಲ್ಲಿ ಎಣಿಸುತ್ತಾ.
ನಾನೂ ಎಣಿಸುವವಳೇ.
ನಂಗಲಿಯಲ್ಲಿ ತೆಲುಗಿನಲ್ಲಿ ಹತ್ತಿ
ಕೋಲಾರದಲ್ಲಿ ಕನ್ನಡದಲ್ಲಿ ಇಳಿಯುವ ಮುದುಕಿ,
ಅವಳ ಕೋಳಿಗೆ ಅರ್ಧ ಟಿಕೆಟು, ಅದಕ್ಕೊಂದು ಜಗಳ:
ಅದು ನನ್ನ ಎರಡನೇ ಹಾಡು.

‘ನೀಲಿ ಹುಲ್ಲು ಅಂದರೆ ಯಾವುದೋ?’ ಕೇಳಿದೆ ಒಮ್ಮೆ.
ಅವನೂ ಕಂಡವನಲ್ಲ.
ಅವನೂರಿನ ಸಯನೈಡ್ ದಿಬ್ಬದ ಮೇಲೆ ಏನೂ ಹುಟ್ಟುವುದಿಲ್ಲ,
ನಮ್ಮ ಕೆರೆಯಂಗಳದ್ದು ಸಂಕ್ರಾಂತಿಗೆಲ್ಲಾ ನರಿಯ ಬಣ್ಣ.
ಕಾಣದ ಹುಲ್ಲನ್ನೇ ಮೇಯುತ್ತಾ
ಏಳು ಹಾಡು ದಾಟಿದ್ದೆವು.

ಎಂಟನೆಯದರಲ್ಲಿ ಒಂದು ಸಾಲು:
ನೀನು ಇಳಿದ ಸ್ಟಾಪಿನಲ್ಲಿ ನನ್ನ ಕತ್ತಲೆ ಕಾಯುತ್ತಿದೆ.
ಸ್ಟಾಪು ನನ್ನದು. ಕತ್ತಲೆ ಅವನದು, ಅದೂ ಒಪ್ಪಿದೆ.
ಕಾಯುವುದು ಯಾರದು?
ನಾನು ನನ್ನದೆಂದೆ. ಅವನು, ಗಣಿಯವರಷ್ಟು
ಕಾದವರು ಯಾರಮ್ಮಾ, ಅಂದ.
ಮೂರು ದಿನ ಮಾತಿಲ್ಲ.
ಪಿಟೀಲಿನ ಸೆಲ್ವಿ ಇಬ್ಬರಿಗೂ
ಬೇರೆ ಬೇರೆ ಅಂಗಡಿಯಿಂದ ಟೀ ತಂದಳು.

ನಾಲ್ಕನೇ ದಿನ ನನಗೆ ಡ್ಯೂಟಿ.
ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಹಿಂದೆ ಬರೆದುಕೊಡುತ್ತೇವಲ್ಲ—
ಬಾಕಿ ಮೂರು, ಬಾಕಿ ಏಳು, ಇಳಿಯುವಾಗ ಇಸ್ಕೊಳ್ಳಿ—
ಎಷ್ಟೋ ಜನ ಮರೆತು ಇಳಿಯುತ್ತಾರೆ.
ಆ ಮೂರು ರೂಪಾಯಿ ಅವರದೂ ಅಲ್ಲ, ನನ್ನದೂ ಅಲ್ಲ,
ಸಂಜೆಯವರೆಗೆ ಚೀಲದಲ್ಲಿ ಸದ್ದು ಮಾಡುತ್ತಾ ಇರುತ್ತದೆ.
ಒಂದು ಟಿಕೆಟ್ ಹಿಂದೆ ಬರೆದೆ:
‘ಅಲೋಶಿಗೆ ಬಾಕಿ, ಒಂದು ಕ್ರಿಯಾಪದ.’
ಟೈರ್ ಅಂಗಡಿಗೆ ಕೊಟ್ಟು ಕಳಿಸಿದೆ.
ವಾಪಸ್ ಟ್ರಿಪ್ಪಿಗೆ ಉತ್ತರ ಬಂತು, ಗ್ರೀಸಿನ ಹೆಬ್ಬೆಟ್ಟಿನ ಸಮೇತ:
‘ನನ್ನ ಹತ್ತಿರವೂ ಚಿಲ್ಲರೆ ಇಲ್ಲ.’

ಅವತ್ತು ರಾತ್ರಿ ಹಾಡಿದೆವು. ಆ ಸಾಲು ಬಂತು.
ಕತ್ತಲೆ— ಅಂತ ಅವನು ಹೇಳಿ
ನನಗೆಂದು ಒಂದು ಹೆಜ್ಜೆ ಹಿಂದೆ ಸರಿದ.
ಅವನಿಗೆಂದು ನಾನು ಆಗಲೇ ಸರಿದಿದ್ದೆ.
ಮೈಕಿನ ಮುಂದೆ ಯಾರೂ ಇಲ್ಲ.
ಹುಡುಗ ಹೆಡ್‌ಫೋನು ಎತ್ತಿ ನಮ್ಮನ್ನೇ ನೋಡಿದ.
ಆರಿಸಲು ಮರೆತ ಹೊರಗಿನ ಹುಲ್ಲು
ಚಟಚಟ ಉರಿಯುತ್ತಿತ್ತು,
ಮೈಕು ಅದನ್ನು ಕೇಳಿಸಿಕೊಂಡಿತು.

ಆಲ್ಬಮ್ಮಿನಲ್ಲಿ ಹಾಗೇ ಬಿಟ್ಟಿದ್ದೇವೆ.
ಕೇಳಿದವರೆಲ್ಲ ಮಳೆ ಅಂದುಕೊಂಡಿದ್ದಾರೆ.
ಕೋಲಾರದವರಿಗೆ, ಅಲ್ಲ ರೀ ಅದು ಮಳೆಯಲ್ಲ ಅನ್ನಲು
ಬಾಯಿ ಬರುವುದಿಲ್ಲ,
ಇಬ್ಬರಿಗೂ.