ಎರಡನೇ ಬಾಗಿಲು

ರಾಯದುರ್ಗ. ಬೆಟ್ಟದ ನೆರಳು ತಲುಪದ ಓಣಿ.
ಕೆಳಗೆ ಬಾಡಿಗೆ ಮನೆ, ಮೇಲೆ ಜೀನ್ಸ್ ಹೊಲಿಯುವ ಮಹಡಿ,
ಅದರ ಮೇಲೆ ತಗಡು.
ನನ್ನ ನಮೂನೆಯ ಮೊದಲ ಪ್ರಶ್ನೆ:
ವಾಸವೋ, ಗೋದಾಮೋ, ಕಾರ್ಖಾನೆಯೋ? ಒಂದಕ್ಕೆ ಮಾತ್ರ ಗುರುತು ಹಾಕಿ.
ಪೆನ್ನು ಮೂರರ ಮೇಲೂ ಸುಳಿದು ಸುಮ್ಮನಾಯಿತು.

ಇಪ್ಪತ್ತೆಂಟು ಮಷೀನು. ಒಂದೇ ಪ್ಲಗ್ಗಿಗೆ ಆರು ವೈರು.
ಫ್ಯಾನಿನ ರೆಕ್ಕೆಗೆ, ಟ್ಯೂಬ್‌ಲೈಟಿನ ಬೆನ್ನಿಗೆ, ಹೆಂಗಸರ ಹುಬ್ಬಿಗೆ
ನೂಲಿನ ನೀಲಿ ದೂಳು.
ಕಿಡಿಯೊಂದಕ್ಕೆ ಇಷ್ಟು ಮೆತ್ತನೆಯ ಹಾಸಿಗೆ ಬೇರೆಲ್ಲಿ.
ಗುಂಡಿ ಒತ್ತುವ ಹುಡುಗ ಗಾದಿಲಿಂಗ
ಕೇಳುವ ಮೊದಲೇ ಹೇಳಿದ: "ಹದಿನೆಂಟು ತುಂಬೈತೆ ಸಾರ್."

ಬೆಂಕಿ ಆರಿಸುವ ಸಿಲಿಂಡರಿನ ಕೊರಳಲ್ಲಿ
ಆಯುಧಪೂಜೆಯ ಹಾರ, ಒಣಗಿದ್ದು.
ಮುಳ್ಳು ಸೊನ್ನೆಯಲ್ಲಿ ಮಲಗಿದೆ.
"ಒಂದು ವರ್ಷಾನೂ ಪೂಜೆ ತಪ್ಪಿಸಿಲ್ಲ" ಎಂದರು ಮಾಲೀಕ ವನ್ನೂರಪ್ಪ.

ಹಿಂದಿನ ಬಾಗಿಲು?
ಇದೆ. ಪ್ಯಾಂಟಿನ ಗಂಟುಗಳು ಎದೆಮಟ್ಟ, ಅದರಾಚೆ ಬೀಗ.
"ಪೀಸು ಕಳುವಾಗ್ತವೆ ಸಾರ್. ಬೀಗದಕೈ ಅಣ್ಣನ ಜೇಬಿನಾಗೆ,
ಅಣ್ಣ ಬಳ್ಳಾರಿಯಾಗೆ."
ಗಾದಿಲಿಂಗ ಸುತ್ತಿಗೆ ತಂದ. ನಿಯಮದಲ್ಲಿ ಅದಿಲ್ಲ; ಒಡೆಸಿದೆ.
ಬಾಗಿಲು ತೆರೆಯಿತು.
ಮೆಟ್ಟಿಲಿರಲಿಲ್ಲ.
ಹದಿನೈದು ಅಡಿ ಗಾಳಿ, ಕೆಳಗೆ ಯಾರದೋ ಬಚ್ಚಲು,
ಎದುರಿಗೆ ಬೆಟ್ಟ, ಕೋಟೆ, ತುಂಬಾ ಚಂದದ ಬೆಳಕು.

"ಆ ಕಡಿಗೆ ನಾವು ಎಣಿಸೇ ಇಲ್ಲ" ಎಂದಳು ಹುಲಿಗೆಮ್ಮ,
ಜಿಪ್ಪು ಹಚ್ಚುತ್ತ, ತಲೆ ಎತ್ತದೆ.
"ಕರೆಂಟು ಹೋದಾಗೆಲ್ಲ ಈ ಕಡಿಗೇ. ಇಲ್ಲಿಂದ ಮೂವತ್ನಾಕು ಹೆಜ್ಜೆ.
ಮೂವತ್ತೊಂದಕ್ಕೆ ಕಟಿಂಗ್ ಮೇಜಿನ ಮೂಲೆ ಸೊಂಟಕ್ಕೆ ಬಡಿತೈತೆ,
ಬಡಿದ್ರೆ ದಾರಿ ಸರಿ.
ಆರನೇ ಮೆಟ್ಲು ಇಲ್ಲ ಅಂತ್ಲೇ ತಿಳ್ಕೋಬೇಕು.
ಮೊದಲು ನಂದು ಹನ್ನೊಂದೇ ಇತ್ತು.
ಮಾಬುನ್ನಿಗೆ ಈಗ ಏಳು ತಿಂಗಳು,
ಹೋದ ವಾರ ಜಾಗ ಬದಲು ಮಾಡ್ಕೊಂಡ್ವಿ."

ಸಂಭವ, ಒಂದರಿಂದ ಐದು. ಪರಿಣಾಮ, ಒಂದರಿಂದ ಐದು. ಗುಣಿಸಿ.
ಇಪ್ಪತ್ತೈದು ಬರೆದೆ. ಅದರ ಮೇಲೆ ಅಂಕಿಯಿಲ್ಲ.
ವರದಿ ತೆಲುಗಿನಲ್ಲಿ ಹೋಗಬೇಕು;
ಅವಳ ಮೂವತ್ನಾಕು ಅಲ್ಲಿ ಮುಪ್ಪೈ ನಾಲುಗು ಆದೀತು,
ಹೆಜ್ಜೆ ಆಗದು.
ಏಳು ದಿನದ ನೋಟೀಸಿಗೆ ವನ್ನೂರಪ್ಪ ಸಹಿ ಹಾಕಿದರು.
ಮಷೀನುಗಳು ನಿಲ್ಲಲಿಲ್ಲ.

ಹೊರಡುವಾಗ ಹುಲಿಗೆಮ್ಮನ ಪಕ್ಕದಿಂದ ಕಣ್ಣು ಮುಚ್ಚಿ ನಡೆದೆ.
ನನ್ನ ಹೆಜ್ಜೆ ದೊಡ್ಡವು, ಲೆಕ್ಕ ತಪ್ಪಿತು.
ಮೂಲೆ ತಪ್ಪಲಿಲ್ಲ.

ರಾತ್ರಿ ಮೈ ತೊಳೆಯುವಾಗ ಸೊಂಟದ ಪಕ್ಕ ನೀಲಿ.
ಜೀನ್ಸಿನ ಬಣ್ಣವಿರಬೇಕೆಂದು ಉಜ್ಜಿದೆ.
ನೋಯಿತು.