ಅರ್ಥಿಂಗ್

ಮಗ್ರಿಬಿಗೆ ಇನ್ನು ಮುಕ್ಕಾಲು ಗಂಟೆ.
ಬಂದ್ಯೋಡಿನ ಪಳ್ಳಿಯ ಆಂಪ್ಲಿಫಯರ್
ಬೆಳಿಗ್ಗೆಯಿಂದ ಗುಂಯ್ಯೆನ್ನುತ್ತಿದೆಯೆಂದು
ಫೋನು ಮಾಡಿದ್ದು ಕಮಿಟಿಯ ಅದ್ರಾಮಾಕ. ಅವನಲ್ಲ.
'ಸೌಂಡಿನ ಹುಡುಗ ನೀನೇ ಅಲ್ವಾ, ಬೇಗ ಬಾ.'

ಮೂರು ವರ್ಷದ ಮೇಲೆ ಮಿದ್ಲಾಜನ ಎದುರು
ಬಾಯಲ್ಲಿ ಟೆಸ್ಟರ್ ಕಚ್ಚಿಕೊಂಡು ಕೂತೆ.
ಗಡ್ಡ ಬಂದಿತ್ತು. ಕಿವಿಯ ತೂತು ಮುಚ್ಚಿತ್ತು.
'ಎಂತ ಲೋಲಾಕ್ಷ' ಅಂದ.
'ಎಂತ ಇಲ್ಲ' ಅಂದೆ.
ಟೆಸ್ಟರ್ ಇದ್ದದ್ದು ಒಳ್ಳೆಯದಾಯಿತು.

ಅವನ ಮೊದಲನೇ ಆಲ್ಬಮ್ ಕೇಳಿದವರಿಗೆ ಗೊತ್ತು,
ಗಡಿ ಮುಚ್ಚಿದ ವರ್ಷ ತಲಪಾಡಿಯ ರಸ್ತೆ.
ಮಂಗಳೂರಿನ ಡಯಾಲಿಸಿಸ್ಸಿಗೆ ಹದಿನೇಳು ಕಿಲೋಮೀಟರು.
'ಪಾಸು ಉಂಟಾ?' ಅಂದರು ಖಾಕಿಯವರು.
ಒಂಬತ್ತರವರೆಗೆ ಕನ್ನಡ ಮೀಡಿಯಂ ಓದಿದವನು
ಒತ್ತಕ್ಷರ ಒಂದೂ ತಪ್ಪದ ಕನ್ನಡದಲ್ಲಿ ಬೇಡಿದ.
ಆಂಬುಲೆನ್ಸಿನೊಳಗೆ ಉಮ್ಮಾಮ ನೀರು ಕೇಳಿದಳು,
ಆಮೇಲೆ ಕೇಳಲಿಲ್ಲ.

ಅದನ್ನೇ ಮೊಬೈಲಿಗೆ ಒದರಿದ.
ನಾನು ಅಂಗಡಿಯ ಶಟರ್ ಎಳೆದು
ಕುಂಬಳೆ ರೈಲ್ವೆ ಗೇಟಿನ ಗಂಟೆಯನ್ನೂ
ಮೀನಿನ ಗಾಡಿಯ ಹಾರ್ನನ್ನೂ
ಅದರ ಅಡಿಗೆ ಹಾಸಿದೆ.
ಪಾಸುಂಟಾ ಪಾಸುಂಟಾ ಪಾಸುಂಟಾ
ನಾಲ್ಕು ಪೆಟ್ಟಿನ ತಾಳಕ್ಕೆ ಅಳತೆ ತೆಗೆದ ಹಾಗೆ ಕೂತಿತು.
ಇಬ್ಬರೂ ನಕ್ಕೆವು, ದೇವರಾಣೆ, ಅವತ್ತು ನಕ್ಕೆವು.

ಎರಡನೆಯದಕ್ಕೆ ಕೊಚ್ಚಿಯಿಂದ ಅಡ್ವಾನ್ಸು ಬಂತು.
ಜೊತೆಗೊಂದು ಮೆಸೇಜು: ಸಿಟ್ಟು ಇನ್ನೂ ಸ್ವಲ್ಪ ಬೇಕು.
ಉಪ್ಪು ಬೇಕು ಎಂಬ ಹಾಗೆ.
ಹನ್ನೊಂದು ಹಾಡು ಮುಗಿಸಿದೆವು. ಹೆಸರು ಮಾತ್ರ ಬಾಕಿ.

ಅಷ್ಟರಲ್ಲಿ ಮಂಗಳೂರಿನ ಕಾಲೇಜಿನ ಆ ರಾತ್ರಿ.
ಸಾವಿರ ಮೊಬೈಲಿನ ಬೆಳಕು, ಮಕ್ಕಳು ಹಾರಿ ಹಾರಿ
ಪಾಸುಂಟಾ ಅನ್ನುತ್ತಿದ್ದರು, ಚಂದ ಹಾರುತ್ತಿದ್ದರು,
ಒಬ್ಬಳಂತೂ ಗೆಳತಿಯ ಹೆಗಲ ಮೇಲೆ ಕೂತು.
ಇವನು ಸಾಲಿನ ನಡುವೆ ನಿಂತ.
ಲೈನ್ ಮರೆತ ಅಂದುಕೊಂಡು ನಾನು ಬೀಟ್ ತಿರುಗಿಸಿದೆ.
ಮತ್ತೂ ತಿರುಗಿಸಿದೆ.

ವಾಪಸು ಬರುವಾಗ ತಲಪಾಡಿಯಲ್ಲಿ ಕಾರು ನಿಲ್ಲಿಸಲು ಹೇಳಿದ.
ಅಲ್ಲಿ ಏನೂ ಇರಲಿಲ್ಲ, ಮಗುಚಿಟ್ಟ ಕಬ್ಬಿನ ಹಾಲಿನ ಗಾಡಿ, ಒಂದು ನಾಯಿ.
'ಉಮ್ಮಾಮನಿಗೆ ನಾನು ಟಿಕೆಟ್ಟು ಇಟ್ಟೆ' ಅಂದ.
ಸುಬಹಿಗೆ ಪಳ್ಳಿಗೆ ಹೋದವನು ಅಂಗಡಿಗೆ ಬರಲಿಲ್ಲ.

ನಾನು ಬೈದೆ. ಯಾರು ಮಾರಾಯ ತಲೆಗೆ ತುಂಬಿಸಿದ್ದು ಅಂದೆ.
ಅದಕ್ಕಿಂತ ಕೆಟ್ಟದ್ದೂ ಅಂದೆ, ಇಲ್ಲಿ ಬರೆಯುವುದಿಲ್ಲ.
'ನನ್ನ ಸ್ವರ ತೆಗೆ' ಅಂದ,
'ಡೋಲು ನಿನ್ನದು, ಇಟ್ಟುಕೋ.'
ಅಡ್ವಾನ್ಸ್ ತಿರುಗಿ ಕೊಡಲು ಅವನ ಬೈಕು ಹೋಯಿತು,
ನನ್ನ ತಂಗಿಯ ಚಿಟ್‌ಫಂಡೂ.

ತೆಗೆದೆ. ಆರು ರಾತ್ರಿ ಕೂತು ಮಾತು ಮಾತನ್ನೂ ಕತ್ತರಿಸಿದೆ.
ಮಾತಿಗೆ ಮುಂಚಿನ ಉಸಿರು ಮಾತ್ರ
ಯಾಕೋ ಕೈಗೆ ಸಿಗದೆ ಉಳಿಯಿತು.
ಈಗ ಆ ಹನ್ನೊಂದರಲ್ಲೂ ಒಬ್ಬ ಎದೆ ತುಂಬಿಕೊಳ್ಳುತ್ತಾನೆ,
ಇಗೋ ಹೇಳಿದ ಅನ್ನುವಷ್ಟರಲ್ಲಿ ಗೇಟಿನ ಗಂಟೆ ಬಡಿಯುತ್ತದೆ.
ಹಾರ್ಡ್‌ಡಿಸ್ಕು ಅಕ್ಕಿಯ ಡಬ್ಬಿಯಲ್ಲಿದೆ, ತೇವ ಹಿಡಿಯಬಾರದೆಂದು.

'ಅರ್ಥಿಂಗ್ ಇಲ್ಲ' ಅಂದೆ.
'ಯಾವುದಕ್ಕೆ?' ಅಂದ.
'ಆಂಪ್ಲಿಫಯರಿಗೆ.'
ಹಿತ್ತಿಲಿನ ಗುಂಡಿಯಲ್ಲಿ ತಾಮ್ರದ ಸರಳಿನಿಂದ ವಯರು ಕಳಚಿತ್ತು.
ಬಿಗಿದೆ. ಅವನು ಕಲ್ಲುಪ್ಪು ಸುರಿದು
ಹೌಳಿನಿಂದ ಕೊಡ ಕೊಡ ನೀರು ತಂದು ಹೊಯ್ದ.
ಮಣ್ಣು ಕುಡಿಯುತ್ತಲೇ ಇತ್ತು. ಸಾಕು ಅಂದರೂ ಹೊಯ್ದ.

ಗುಂಯ್ ನಿಂತಿತು.
ಮೈಕು ಹಿಡಿದವನು ಅಭ್ಯಾಸಬಲದಿಂದ
ಚೆಕ್ ಅನ್ನುತ್ತಾನೇನೋ ಎಂದು ಕಾದೆ.
ಉಗುರಿನಿಂದ ಎರಡು ಸಲ ತಟ್ಟಿದ, ಅಷ್ಟೆ.

ಅದ್ರಾಮಾಕ ಇನ್ನೂರು ಕೊಟ್ಟರು.
(ಅವನಿಂದ ಬರಬೇಕಾದದ್ದು ಹನ್ನೆರಡು ಸಾವಿರ.)
ಹೈವೇ ಬದಿಗೆ ಬಂದು ಸ್ಕೂಟರಿನ ಕೀ ತಿರುಗಿಸುವಾಗ
ಪಳ್ಳಿಯ ಮೇಲಿನ ನಾಲ್ಕೂ ಬಾಯಿಂದ
ಒಟ್ಟಿಗೆ
ಆ ಉಸಿರು.

ಲಾರಿಯೊಂದು ದಾಟಿತು.
ಕೀ ಆಫ್ ಮಾಡಿದೆ.